ಲ್ಯಾಕ್‌ಐ ಸ್ವಿಚ್ ಸೋರುತ್ತಿದೆ, ಟೆಟ್‌ಆರ್‌ಗೆ ಹೋಗಲಾ? ಅನುಭವ ಇದ್ದವರು ಹೇಳಿ

ಹೊಸಬ: ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಲ್ಯಾಕ್‌ಐ ಸ್ವಿಚ್ ಕಟ್ಟಿದ್ದೇನೆ. ಲ್ಯಾಕ್‌ಐ ಜೀನನ್ನು ಮುಚ್ಚಿಡುವ ಪ್ರೋಟೀನ್, ಅಂದರೆ ರಿಪ್ರೆಸರ್. ಅದನ್ನು ಸಡಿಲಿಸುವ ಕೆಮಿಕಲ್ ಐಪಿಟಿಜಿ ಹಾಕದೆಯೇ ಹಸಿರು ಹೊಳಪಿನ ಪ್ರೋಟೀನ್ ಜಿಎಫ್‌ಪಿ ಹೊಳೆಯುತ್ತಿದೆ. ಜೂನ್‌ನಲ್ಲಿ ಪ್ರಾಜೆಕ್ಟ್ ಒಪ್ಪಿಸಬೇಕು. ಟೆಟ್‌ಆರ್ ಎಂಬ ಬೇರೆ ರಿಪ್ರೆಸರ್ ಹಾಕಲಾ?

ಸೋರುವ ನಲ್ಲಿ: ನನ್ನ ಐದು ತಿಂಗಳು ಇದರಲ್ಲೇ ಹೋಯಿತು. ಕ್ರೋಮೋಸೋಮಿನಲ್ಲಿ ಲ್ಯಾಕ್‌ಐ ಇದೆಯಲ್ಲ, ಸಾಕು ಅಂದುಕೊಂಡಿದ್ದೆ. ಅಲ್ಲಿಂದ ಒಂದು ಸೆಲ್ಲಿಗೆ ಸಿಗುವುದು ಸುಮಾರು 10 ಟೆಟ್ರಾಮರ್ (ನಾಲ್ಕು ಲ್ಯಾಕ್‌ಐ ಸೇರಿದ ಗುಂಪು). ನನ್ನ ಜೀನ್ ಇದ್ದ ಪ್ಲಾಸ್ಮಿಡ್ (ಕ್ರೋಮೋಸೋಮಿನ ಹೊರಗಿನ ಡಿಎನ್‌ಎ ಉಂಗುರ) ಒಂದು ಸೆಲ್ಲಿನಲ್ಲಿ ನೂರಾರು ಕಾಪಿ. ಅಷ್ಟು ಬಾಗಿಲಿಗೆ ಹತ್ತೇ ಕಾವಲುಗಾರರು! ಇದು ತಲೆಗೆ ಹೊಳೆಯುವ ಮೊದಲು ಪ್ರೊಮೋಟರ್ (ಜೀನ್ ಓದು ಶುರುವಾಗುವ ಡಿಎನ್‌ಎ ಜಾಗ) ಕೆಟ್ಟಿದೆ ಅಂತ 14 ಕಾಲೊನಿ ಸೀಕ್ವೆನ್ಸಿಂಗಿಗೆ ಕಳಿಸಿದೆ. ಒಂದಕ್ಕೆ 350 ರೂಪಾಯಿ, ಒಟ್ಟು 4,900. ಎಲ್ಲವೂ ಸರಿಯಾಗಿದ್ದವು. ಹೊಟ್ಟೆ ಉರಿಯಿತು. ಕೊನೆಗೆ ಹೆಚ್ಚು ಲ್ಯಾಕ್‌ಐ ತಯಾರಿಸುವ ಲ್ಯಾಕ್‌ಐಕ್ಯೂ ತಳಿ, ಕಡಿಮೆ ಕಾಪಿಯ ಪಿ15ಎ ಪ್ಲಾಸ್ಮಿಡ್. ಸೋರಿಕೆ ಮುಕ್ಕಾಲು ಪಾಲು ನಿಂತಿತು. ಪೂರ್ತಿ ಅಲ್ಲ.

ಕತ್ತಲ ಕೋಣೆ: ಲ್ಯಾಕ್‌ಐ ಕಟ್ಟಿಕೊಂಡು ಅಳುವವರನ್ನು ಕಂಡರೆ ನಗು ಬರುತ್ತದೆ. ಟೆಟ್‌ಆರ್ ಎಷ್ಟು ಬಿಗಿ ಗೊತ್ತಾ? ಅದನ್ನು ಸಡಿಲಿಸಿ ಜೀನ್ ಆನ್ ಮಾಡುವ ಕೆಮಿಕಲ್ ಎಟಿಸಿಗೆ ಬೆಳಕು ಆಗಿ ಬರುವುದಿಲ್ಲ, ಅಷ್ಟೇ. ಜೂನಿಯರ್ ಒಬ್ಬ ಬಾಟಲಿಯನ್ನು ಕಿಟಕಿ ಪಕ್ಕ ಬಿಟ್ಟು ಊರಿಗೆ ಹೋದ. ಮೂರು ವಾರ ನನ್ನ ಗ್ರಾಫ್ ನೆಲ ಬಿಟ್ಟು ಏಳಲಿಲ್ಲ. ರೇಗಿ ಹೊಸ ಬಾಟಲಿ ತರಿಸಿ ಡೋಸ್ ಜಾಸ್ತಿ ಮಾಡಿದೆ. ಸೆಲ್‌ಗಳು ಬೆಳೆಯುವುದನ್ನೇ ನಿಲ್ಲಿಸಿದವು. ಈಗ ಚಪಾತಿ ಸುತ್ತುವ ಫಾಯಿಲ್‌ನಲ್ಲಿ ಎರಡು ಸುತ್ತು ಸುತ್ತಿ ಇಡುತ್ತೇನೆ.

ಬಿಸಿನೀರು: ಇಬ್ಬರೂ ಕೆಮಿಕಲ್‌ಗೆ ದುಡ್ಡು ಸುರಿಯಿರಿ. ನನ್ನದು ಲ್ಯಾಂಬ್ಡಾ ವೈರಸ್ಸಿನ ಸಿಐ ರಿಪ್ರೆಸರ್, ಬಿಸಿಗೆ ಸೋಲುವ ಸಿಐ857 ರೂಪ. 30 ಡಿಗ್ರಿಯಲ್ಲಿ ಜೀನ್ ಬಂದ್, 42ಕ್ಕೆ ಓಪನ್. 2000ರಲ್ಲಿ ಗಾರ್ಡ್ನರ್, ಕ್ಯಾಂಟರ್, ಕಾಲಿನ್ಸ್ ಟಾಗಲ್ ಸ್ವಿಚ್ (ಒಂದನ್ನೊಂದು ಅಡಗಿಸುವ ಎರಡು ರಿಪ್ರೆಸರ್‌ಗಳ ಜೋಡಿ) ಕಟ್ಟಿದಾಗ ಲ್ಯಾಕ್‌ಐ ಎದುರು ನಿಲ್ಲಿಸಿದ್ದೂ ಬಿಸಿಗೆ ಸೋಲುವ ಸಿಐಯನ್ನೇ. ನನಗೆ ಕೈಕೊಟ್ಟದ್ದು ಕರೆಂಟು. ಕಲಬುರಗಿಯ ಮೇ ತಿಂಗಳು, ರಾತ್ರಿ ತಾಪ ಕಾಯುವ ಶೇಕರ್ ನಿಂತಿತು. ಬೆಳಗ್ಗೆ ನೋಡಿದರೆ ಎಲ್ಲ ಫ್ಲಾಸ್ಕೂ ಅರ್ಧಂಬರ್ಧ ಆನ್.

ಕತ್ತಲ ಕೋಣೆ: ಅದೇ ಪೇಪರ್‌ನಲ್ಲಿ ಟೆಟ್‌ಆರ್ ಪ್ಲಾಸ್ಮಿಡ್ಡೂ ಇತ್ತು. ಅದನ್ನೇಕೆ ನುಂಗಿದಿರಿ? 42ರಲ್ಲಿ ಸೆಲ್ ಬೇಯಿಸಿದರೆ ಹೀಟ್ ಶಾಕ್ (ಬಿಸಿಗೆ ಸೆಲ್ ತೋರುವ ರಕ್ಷಣಾ ಪ್ರತಿಕ್ರಿಯೆ) ಶುರು. ಅದರ ಪ್ರೋಟಿಯೇಸ್‌ಗಳು ನಿಮ್ಮ ಪ್ರೋಟೀನನ್ನೇ ಕಡಿಯಬಹುದು.

ಬಿಸಿನೀರು: ಹತ್ತು ವರ್ಷದಿಂದ ಮಾಡುತ್ತಿದ್ದೇನೆ. ಕಲಿಸಲು ಬರಬೇಡಿ.

ಪದಪ್ರೇಮಿ: ರಿಪ್ರೆಸರ್‌ಗೆ ‘ದಮನಕ’ ಅನ್ನಬಹುದಲ್ವಾ?

ಸೋರುವ ನಲ್ಲಿ: ದಮನಕ ಅಂದರೆ ಕಥೆಯ ನರಿ ಸ್ವಾಮಿ. ಹಾಗಾದರೆ ಐಪಿಟಿಜಿ ಯಾರು, ಕರಟಕನಾ?

ಪದಪ್ರೇಮಿ: ಸುಮ್ನೆ ಹಂಗಿಸಬೇಡಿ. ‘ದಮನ’ ಅಂದರೆ ಅಡಗಿಸುವುದು ಅಂತಲೇ.

ಹೊಸಬ: ಸರ್, ನನ್ನದೂ ಹೈ ಕಾಪಿ ಪ್ಲಾಸ್ಮಿಡ್ಡೇ. ಲ್ಯಾಕ್‌ಐಕ್ಯೂ ತಳಿ ಯಾರ ಹತ್ತಿರ ಸಿಗುತ್ತದೆ?

ಬಿಸಿನೀರು: ನನ್ನ ಫ್ರೀಜರ್‌ನಲ್ಲಿದೆ. ಮೊದಲು ಕತ್ತಲ ಕೋಣೆಯವರು 42ರ ಮಾತು ವಾಪಸ್ ತೆಗೆದುಕೊಳ್ಳಲಿ.