ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ ವಿರುದ್ಧ ಬಿಎಫ್‌ಸಿ: ಅವೇ ಫ್ಯಾನ್ ಆಗಿ ಹೋಗೋದು ಹೇಗೆ?

ನೀಲಿಶಾಲು:
ನಾವು ನಾಲ್ಕು ಜನ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಅಭಿಮಾನಿಗಳು, ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕ್ ಗ್ಯಾಲರಿಯವರು. ಈ ಸೀಸನ್ ಕೇರಳ ಬ್ಲಾಸ್ಟರ್ಸ್ ಜೊತೆಗಿನ ಫುಟ್‌ಬಾಲ್ ಪಂದ್ಯಕ್ಕೆ ಕೊಚ್ಚಿಗೆ ಹೋಗೋಣ ಅಂತ ತೀರ್ಮಾನ ಆಗಿದೆ, ಅವೇ ಮ್ಯಾಚ್ (ಎದುರಾಳಿಯ ಊರಲ್ಲಿ ನಡೆಯೋ ಪಂದ್ಯ) ಅನುಭವ ಯಾರಿಗೂ ಇಲ್ಲ. ಪಂದ್ಯ ಶನಿವಾರ ರಾತ್ರಿ 7.30ಕ್ಕೆ, ಸೋಮವಾರ ಬೆಳಿಗ್ಗೆ ಎಲ್ಲರೂ ಆಫೀಸಲ್ಲಿರಬೇಕು. ರೈಲು, ಬಸ್ಸು, ಕಾರು ಇದರಲ್ಲಿ ಯಾವುದು ವಾಸಿ? ಟಿಕೆಟ್ ಯಾವ ಸ್ಟ್ಯಾಂಡ್‌ಗೆ ತಗೋಬೇಕು? ಒಂದು ಡ್ರಮ್ಮು, 12 ಅಡಿಯ ಬಟ್ಟೆ ಬ್ಯಾನರ್ ಇದೆ, ಒಳಗೆ ಬಿಡ್ತಾರಾ? ಮ್ಯಾಚ್ ಮುಗಿದ ಮೇಲೆ ಅದೇ ರಾತ್ರಿ ಹೊರಡೋಕೆ ಆಗುತ್ತಾ?

ಹಳಿಮೇಲೆ:
ಹೋಗೋದಕ್ಕೆ ಹತ್ತು ದಾರಿ ಇದೆ, ತಾಪತ್ರಯ ಇರೋದು ವಾಪಸ್ ಬರೋದರಲ್ಲಿ. ಹಾಗಾಗಿ ವಾಪಸಾತಿ ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಹೋಗೋ ಟಿಕೆಟ್ ತೆಗೀರಿ.

ಬೆಂಗಳೂರಿಗೆ ಬರೋ ಕನ್ಯಾಕುಮಾರಿ ಎಕ್ಸ್‌ಪ್ರೆಸ್ (16525) ಸಂಜೆಯೇ ಎರ್ನಾಕುಲಂ ಟೌನ್ ದಾಟಿ ಹೋಗಿರುತ್ತೆ, ಕಿಕ್‌ಆಫ್‌ಗೂ ಮುಂಚೆ. ಅಂದರೆ ರೈಲಾದರೆ ಶನಿವಾರ ರಾತ್ರಿ ಅಲ್ಲೇ ತಂಗಬೇಕು. ಭಾನುವಾರ ಹಗಲಿನ ರೈಲುಗಳಲ್ಲಿ ಎರಡು ಆಯ್ಕೆ. ಎರ್ನಾಕುಲಂ ಜಂಕ್ಷನ್‌ನಿಂದ ಬೆಳಿಗ್ಗೆ 9ರ ಸುಮಾರಿಗೆ ಹೊರಡೋ ಇಂಟರ್‌ಸಿಟಿ (12678) ರಾತ್ರಿ 8ರ ಹೊತ್ತಿಗೆ ಮೆಜೆಸ್ಟಿಕ್ ಮುಟ್ಟಿಸುತ್ತೆ. 2025ರ ನವೆಂಬರ್‌ನಲ್ಲಿ ಶುರುವಾದ ವಂದೇ ಭಾರತ್ ಮಧ್ಯಾಹ್ನ 2.20ಕ್ಕೆ ಬಿಟ್ಟು ರಾತ್ರಿ 11ಕ್ಕೆ ಸೇರಿಸುತ್ತೆ. ಸೋಮವಾರ ಕೆಲಸ ಇರೋರಿಗೆ ಇಂಟರ್‌ಸಿಟಿಯೇ ಒಳ್ಳೇದು. ಬೆಳಿಗ್ಗೆ ನಿದ್ದೆ ಬೇಕು ಅನ್ನೋರು ವಂದೇ ಭಾರತ್ ನೋಡಲಿ.

ಹೋಗೋದಕ್ಕೆ ಶುಕ್ರವಾರ ರಾತ್ರಿಯ 16526 ಸರಿ, ಬೆಳಿಗ್ಗೆ ಎರ್ನಾಕುಲಂ ಟೌನ್‌ನಲ್ಲಿ ಇಳೀತೀರಿ. ಶನಿವಾರ ಬೆಳಿಗ್ಗೆ 6ರ ನಂತರ ಬೆಂಗಳೂರು ಬಿಡೋ ಇಂಟರ್‌ಸಿಟಿ (12677) ನಂಬಬೇಡಿ. ಸಮಯಕ್ಕೆ ಸರಿಯಾಗಿ ಬಂದರೂ ಸಂಜೆ 5 ಆಗುತ್ತೆ. ಎರಡು ಗಂಟೆ ತಡವಾದರೆ ಬ್ಯಾಗ್ ಎಲ್ಲಿಡೋದು ಅನ್ನೋ ಚಿಂತೆಯಲ್ಲೇ ಮೊದಲ ಗೋಲು ತಪ್ಪಿಹೋಗುತ್ತೆ.

ರಿಸರ್ವೇಶನ್ ತೆರೆಯೋದು 60 ದಿನ ಮುಂಚೆ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ವೇಳಾಪಟ್ಟಿ ಎಷ್ಟೋ ಸಲ ಅದಕ್ಕಿಂತ ತಡವಾಗಿ ಬರುತ್ತೆ, ಅಷ್ಟರಲ್ಲಿ ವಾರಾಂತ್ಯದ ಕೇರಳ ರೈಲುಗಳು ವೇಟಿಂಗ್ ಲಿಸ್ಟ್‌ಗೆ ಬಿದ್ದಿರುತ್ತವೆ. ಉಳಿಯೋದು ತತ್ಕಾಲ್. ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್ ಮತ್ತು ಸೆಕೆಂಡ್ ಸಿಟಿಂಗ್‌ಗೆ 11ಕ್ಕೆ, ಪ್ರಯಾಣದ ಹಿಂದಿನ ದಿನ. ಅಂದರೆ ಹೋಗೋದಕ್ಕೆ ಗುರುವಾರ, ಭಾನುವಾರದ ವಾಪಸಿಗೆ ಪಂದ್ಯದ ದಿನವೇ. ಶನಿವಾರ ಬೆಳಿಗ್ಗೆ ಕೊಚ್ಚಿಯಲ್ಲಿ ಪುಟ್ಟು–ಕಡಲೆ ತಿನ್ನುವಾಗ ಒಬ್ಬರ ಕೈಯಲ್ಲಿ ಫೋನ್ ಇರಲಿ, ಅವರ ಐಆರ್‌ಸಿಟಿಸಿ ಖಾತೆಗೆ ಆಧಾರ್ ಮೊದಲೇ ಜೋಡಣೆ ಆಗಿರಲಿ. ತತ್ಕಾಲ್‌ನಲ್ಲಿ ಒಂದು ಪಿಎನ್‌ಆರ್‌ಗೆ ನಾಲ್ಕೇ ಜನ, ನಿಮಗೆ ಸರಿಹೋಗುತ್ತೆ. ಕನ್ಫರ್ಮ್ ಆದ ತತ್ಕಾಲ್ ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ ಅನ್ನೋದೂ ಗೊತ್ತಿರಲಿ.

ಮೂರನೇ_ಮೆಟ್ಟಿಲು:
ಟಿಕೆಟ್ ವಿಷಯ. ಅವೇ ಬ್ಲಾಕ್, ಅಂದರೆ ಹೊರಗಿನ ತಂಡದ ಅಭಿಮಾನಿಗಳ ಜಾಗ, ಚಿಕ್ಕದು, ಅದರ ಹಂಚಿಕೆ ಆತಿಥೇಯ ಕ್ಲಬ್ ಮತ್ತು ಪೊಲೀಸರ ಮೇಲೆ ನಿಂತಿದೆ. ಬಿಎಫ್‌ಸಿ ಅಥವಾ ಅದರ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಪುಟದಲ್ಲಿ ಪ್ರಕಟಣೆ ಬರೋವರೆಗೆ ಕಾಯಿರಿ. ಅವಸರ ಮಾಡಿ ಆ್ಯಪ್‌ನಲ್ಲಿ ಖಾಲಿ ಕಂಡ ಯಾವುದೋ ಗ್ಯಾಲರಿ ತಗೊಂಡು ನೀಲಿ ಜೆರ್ಸಿ ಹಾಕಿಕೊಂಡು ಹೋದರೆ ಗೇಟಲ್ಲೇ ನಿಲ್ಲಿಸಬಹುದು. ಒಳಗೆ ಬಿಟ್ಟರೆ ಇನ್ನೂ ಕಷ್ಟ, ಸುತ್ತಲೂ ಬ್ಲಾಸ್ಟರ್ಸ್‌ನ ಹಳದಿ ಸಮುದ್ರ. 2023ರ ಮಾರ್ಚ್ 3ರಂದು ಕಂಠೀರವದ ಪ್ಲೇಆಫ್‌ನಲ್ಲಿ ಬಿಎಫ್‌ಸಿಯ ಸುನಿಲ್ ಛೇಟ್ರಿ ಫ್ರೀಕಿಕ್ ಗೋಲಿಗೆ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆದದ್ದು ಅಲ್ಲಿ ಯಾರೂ ಮರೆತಿಲ್ಲ. ಬಹುತೇಕರು ಮಾತಲ್ಲೇ ಕಾಲೆಳೀತಾರೆ, ಆದರೂ ಮಂಜಪ್ಪಡ (ಬ್ಲಾಸ್ಟರ್ಸ್ ಅಭಿಮಾನಿ ಬಳಗ) ತುಂಬಿದ ಗ್ಯಾಲರಿಯಲ್ಲಿ ನೀಲಿ ಶಾಲು ಬೀಸೋದು ಧೈರ್ಯ ಅಲ್ಲ, ಪೊಲೀಸರಿಗೆ ಹೆಚ್ಚುವರಿ ಕೆಲಸ.

ಹೋಟೆಲ್ ಬುಕ್ ಮಾಡೋ ಮುಂಚೆ ಪಂದ್ಯ ಕಲೂರಿನ ಜವಾಹರಲಾಲ್ ನೆಹರು ಸ್ಟೇಡಿಯಂನಲ್ಲೇ ನಡೆಯುತ್ತಾ ಅಂತ ಖಾತ್ರಿ ಮಾಡಿಕೊಳ್ಳಿ. ವೇಳೆ, ಮೈದಾನ ಎರಡೂ ಬದಲಾಗೋದುಂಟು. ರದ್ದು ಮಾಡಬಹುದಾದ ರೂಮೇ ತಗೊಳ್ಳಿ, ನೂರಿನ್ನೂರು ಜಾಸ್ತಿಯಾದರೂ.

ಡ್ರಮ್, ಬ್ಯಾನರ್ ಎರಡಕ್ಕೂ ಮುಂಗಡ ಅನುಮತಿ ಬೇಕು. ಗೇಟಲ್ಲಿ ನಿಂತು ಕೇಳಿದರೆ ಉತ್ತರ ಇಲ್ಲ ಅಂತಲೇ. ಬ್ಯಾನರ್‌ನ ಉದ್ದಗಲ, ಬರಹದ ಫೋಟೊ, ಕನ್ನಡದಲ್ಲಿದ್ದರೆ ಇಂಗ್ಲಿಷ್ ಅರ್ಥ ಇಷ್ಟನ್ನು ಅಭಿಮಾನಿ ಬಳಗದ ಮೂಲಕ ಮೊದಲೇ ಕಳಿಸಿ. ಅನುಮತಿ ಬಂದ ಮೆಸೇಜ್ ಫೋನಲ್ಲಿರಲಿ. ಕೋಲು, ಪೈಪು ಯಾವುದಕ್ಕೂ ಆಸ್ಪದ ಇಲ್ಲ. ಮೂಲೆಗೆ ಹಗ್ಗದ ಕುಣಿಕೆ ಹೊಲಿಸಿ, ಕೈಯಲ್ಲೇ ಹಿಡೀಬೇಕು. ಸ್ಮೋಕ್, ಪಟಾಕಿ ಬೇಡವೇ ಬೇಡ, ಅಭಿಮಾನಿಗಳ ತಪ್ಪಿಗೆ ದಂಡ ಬೀಳೋದು ಕ್ಲಬ್ಬಿಗೆ.

ಪವರ್ ಬ್ಯಾಂಕ್, ಲೈಟರ್, ನೀರಿನ ಬಾಟಲ್, ಹೆಲ್ಮೆಟ್, ಕೊಡೆ ತರಬೇಡಿ, ಚಿಲ್ಲರೆ ಕಾಸು ಕೂಡ. ಕಿತ್ತುಕೊಂಡದ್ದು ವಾಪಸ್ ಸಿಗೋ ಭರವಸೆ ಇಲ್ಲ. ಪವರ್ ಬ್ಯಾಂಕ್ ಇಲ್ಲ ಅಂದಮೇಲೆ ಫೋನ್ ಪೂರ್ತಿ ಚಾರ್ಜ್ ಆಗಿರಬೇಕು, ಟಿಕೆಟ್ ರೂಮಲ್ಲೇ ಡೌನ್‌ಲೋಡ್ ಆಗಿರಬೇಕು. ಸಾವಿರಾರು ಜನ ಸೇರಿದ ಮೇಲೆ ಗೇಟ್ ಹತ್ತಿರ ನೆಟ್‌ವರ್ಕ್ ಕೈಕೊಡುತ್ತೆ, ಕ್ಯೂಆರ್ ಕೋಡ್ ತೆರೆಯೋದೇ ಇಲ್ಲ.

ನೀಲಿಶಾಲು:
ಧನ್ಯವಾದ ಎಲ್ಲರಿಗೂ. ಈಗ ಜನ ಹನ್ನೊಂದಾಗಿದ್ದಾರೆ, ಟೆಂಪೊ ಟ್ರಾವೆಲರ್ ಮಾತು ಬರ್ತಿದೆ. ರಾತ್ರಿಯೇ ಹೊರಟು ಭಾನುವಾರ ಬೆಳಿಗ್ಗೆ ಮನೆ ಸೇರೋ ಆಸೆ.

ತೊಪ್ಪೂರು_ಘಾಟ್:
ಹನ್ನೊಂದು ಜನಕ್ಕೆ ಟೆಂಪೊ ಟ್ರಾವೆಲರ್ (ಟಿಟಿ) ಲಾಭವೇ, ಆದರೆ ಎರಡು ಷರತ್ತು. ಹಳದಿ ಬೋರ್ಡ್ ಗಾಡಿಯೇ ಆಗಬೇಕು. ತಮಿಳುನಾಡು, ಕೇರಳ ಎರಡರ ಪರ್ಮಿಟ್, ತೆರಿಗೆ ಬಾಡಿಗೆಯಲ್ಲೇ ಸೇರಿದೆಯಾ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ, ಇಲ್ಲದಿದ್ದರೆ ವಾಳಯಾರ್ ಗಡಿಯಲ್ಲಿ ಜಗಳ ಶುರು. ಎರಡನೇದು, ಡ್ರೈವರ್ ಶನಿವಾರ ಮಧ್ಯಾಹ್ನ ಮಲಗೋದಕ್ಕೆ ರೂಮ್. ಹೊಸೂರು, ಸೇಲಂ, ಕೊಯಮತ್ತೂರು, ಪಾಲಕ್ಕಾಡ್, ತ್ರಿಶ್ಶೂರು ಮಾರ್ಗ ಸುಮಾರು 550 ಕಿ.ಮೀ. ಹೋಗುವಾಗ ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಇಳಿಜಾರು ಬರುತ್ತೆ, ಬ್ರೇಕ್ ಬಿಸಿಯಾದ ಲಾರಿಗಳ ಹಿಂದೆಮುಂದೆ ಅಂಟಿಕೊಂಡು ಓಡಿಸೋ ಜಾಗ ಅಲ್ಲ. ವಾಪಸಲ್ಲಿ ಅದೇ ಏರು, ಆದರೆ ಬೆಳಗಿನ ಜಾವ, ಡ್ರೈವರ್‌ಗೆ ಕಣ್ಣು ಎಳೆಯೋ ಹೊತ್ತು. ಒಬ್ಬನೇ ಡ್ರೈವರ್ ಆಗಿದ್ದು ಹಗಲು ಮಲಗಿಲ್ಲ ಅಂದರೆ ರಾತ್ರಿ ಹೊರಡಬೇಡಿ.

ಗಾಡಿಯನ್ನ ಸ್ಟೇಡಿಯಂ ಹತ್ತಿರ ಒಯ್ಯಬೇಡಿ. ಪಂದ್ಯದ ದಿನ ಕಲೂರು ಸುತ್ತ ರಸ್ತೆ ತಿರುಗಿಸಿರ್ತಾರೆ. ಬೆಂಗಳೂರು ಕಡೆಯಿಂದ ಬಂದರೆ ನಗರಕ್ಕಿಂತ ಮುಂಚೆ ಆಲುವಾ ಸಿಗುತ್ತೆ. ಮೆಟ್ರೋದ ತುದಿ ನಿಲ್ದಾಣ, ಪಾರ್ಕಿಂಗ್ ಇದೆ. ಟಿಟಿಗೆ ಜಾಗ ಇದೆಯಾ, ರಾತ್ರಿ ಎಷ್ಟು ಹೊತ್ತಿನವರೆಗೆ ತೆಗೀಬಹುದು ಅಂತ ಅಲ್ಲೇ ಕೇಳಿ. ಅಲ್ಲಿಂದ ಹನ್ನೊಂದನೇ ನಿಲ್ದಾಣವೇ ಜೆಎಲ್‌ಎನ್ ಸ್ಟೇಡಿಯಂ, ಅರ್ಧ ಗಂಟೆಯೊಳಗೆ. ಮ್ಯಾಚ್ ಮುಗಿಸಿ ಆಲುವಾಗೆ ಬಂದರೆ ಹೆದ್ದಾರಿ ಮೇಲೇ ಇರ್ತೀರಿ, ಇಡಪ್ಪಳ್ಳಿ ಜಾಮ್ ತಪ್ಪುತ್ತೆ.

ಕಲೂರ್_ಕನ್ನಡಿಗ:
ಮೇಲಿನವರು ಹೇಳಿದ್ದಕ್ಕೆ ಸಮಯದ ಲೆಕ್ಕ ಸೇರಿಸ್ತೀನಿ. 7.30ಕ್ಕೆ ಶುರುವಾದರೆ ಹೆಚ್ಚುವರಿ ನಿಮಿಷ ಸೇರಿ ಮುಗಿಯೋದು 9.25. ಅವೇ ಬ್ಲಾಕನ್ನ ಜನ ಕರಗೋವರೆಗೆ ಪೊಲೀಸರು ತಡೆದು ನಿಲ್ಲಿಸೋದು ಮಾಮೂಲು, ಅರ್ಧ ಗಂಟೆ ಹಿಡೀರಿ. ಆಮೇಲೆ ಮೆಟ್ರೋ ಕ್ಯೂ. ರಾತ್ರಿ ಬಸ್ಸು ಹಿಡಿಯೋರು ಬೋರ್ಡಿಂಗ್ 11ಕ್ಕಿಂತ ಮುಂಚೆ ಇರೋದನ್ನ ಮುಟ್ಟಲೇಬೇಡಿ. ಕೊಚ್ಚಿಯಿಂದಲೇ ಹೊರಡೋ ಬಸ್ಸುಗಳು ಬಹಳಷ್ಟು ಅಷ್ಟರಲ್ಲಿ ಹೋಗಿರುತ್ತವೆ. ತಿರುವನಂತಪುರ ಕಡೆಯಿಂದ ಬರೋವು ತಡವಾಗಿ ದಾಟುತ್ತವೆ, ಅವುಗಳಲ್ಲಿ ಹುಡುಕಿ. ನಾಕೌಟ್ ಪಂದ್ಯವಾದರೆ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಸೇರಿ ಇನ್ನೊಂದು ಗಂಟೆ, ಆಗ ಅದೇ ರಾತ್ರಿಯ ಬಸ್ಸು ಮರೆತುಬಿಡಿ.

ಪಂದ್ಯದ ದಿನ ಕೊಚ್ಚಿ ಮೆಟ್ರೋ ಸಾಮಾನ್ಯವಾಗಿ ಸೇವೆ ವಿಸ್ತರಿಸುತ್ತೆ. ಕೊನೇ ರೈಲು ಎಷ್ಟಕ್ಕೆ ಅಂತ ಅವರ ಪುಟದಲ್ಲಿ ಅವತ್ತೇ ನೋಡಿ. ಬರುವಾಗಲೇ ವಾಪಸ್ ಟಿಕೆಟ್ ತಗೊಂಡಿಟ್ಟರೆ ರಾತ್ರಿ ಕೌಂಟರ್ ಮುಂದೆ ನಿಲ್ಲೋದು ತಪ್ಪುತ್ತೆ. ರೈಲಲ್ಲಿ ಬರೋರಿಗೆ ಎರ್ನಾಕುಲಂ ಟೌನ್‌ಗೆ ಹತ್ತಿರದ ಮೆಟ್ರೋ ಟೌನ್ ಹಾಲ್, ಅಲ್ಲಿಂದ ಸ್ಟೇಡಿಯಂ ಎರಡನೇ ನಿಲ್ದಾಣ.

ಬ್ಯಾಗ್ ಒಳಗೆ ಬಿಡಲ್ಲ, ಗೇಟಲ್ಲಿ ಇಟ್ಟುಕೊಳ್ಳೋರೂ ಇಲ್ಲ. ರೂಮ್ ಮಾಡದವರು ಎರ್ನಾಕುಲಂ ಜಂಕ್ಷನ್‌ನ ಕ್ಲೋಕ್ ರೂಮಲ್ಲಿ ಇಡಬಹುದು. ಬ್ಯಾಗಿಗೆ ಬೀಗ ಇರಬೇಕು, ರೈಲು ಟಿಕೆಟ್, ಗುರುತಿನ ಚೀಟಿ ಕೇಳ್ತಾರೆ. ಜೆರ್ಸಿ ಮೇಲೆ ಸಾದಾ ಅಂಗಿ ಹಾಕಿಕೊಂಡು ಬನ್ನಿ, ಬ್ಲಾಕ್ ಸೇರಿದ ಮೇಲೆ ತೆಗೀರಿ. ಹೋಗುವಾಗ ಮತ್ತೆ ಹಾಕಿಕೊಳ್ಳಿ, ವಿಶೇಷವಾಗಿ ಗೆದ್ದರೆ. ಸೆಖೆ ಜೋರು, ಜನವರಿಯಲ್ಲೂ ಬೆವರು ಇಳಿಯುತ್ತೆ, ಹಾಗಾಗಿ ಆ ಅಂಗಿ ತೆಳು ಹತ್ತಿಯದ್ದೇ ಇರಲಿ. ಆರು ಗಂಟೆಗೆಲ್ಲ ಗೇಟಲ್ಲಿರಿ. ಏಳರ ಮೇಲೆ ಬಂದರೆ ನಿಮ್ಮ ಗೇಟ್ ಯಾವುದು ಅಂತ ಹುಡುಕುತ್ತ ಸ್ಟೇಡಿಯಂ ಸುತ್ತ ಹಳದಿ ಗುಂಪಿನ ನಡುವೆ ಪೂರ್ತಿ ಒಂದು ಸುತ್ತು ಹಾಕಬೇಕಾಗುತ್ತೆ.