ಮೆದುಳಿನ ವಿದ್ಯುದ್ವಾರಗಳು ಮೃದುವಾಗಿಯೇ ಇರಬೇಕೆ?

ಪ್ರಶ್ನೆ:
ಮೆದುಳಿಗೆ ಚುಚ್ಚಿಟ್ಟ ಸಿಲಿಕಾನ್ ವಿದ್ಯುದ್ವಾರಗಳಿಂದ ಮೊದಮೊದಲು ಸ್ಪಷ್ಟವಾಗಿ ಸಿಗುವ ನರಸಂಕೇತ ಕ್ರಮೇಣ ಕ್ಷೀಣಿಸುತ್ತದೆ ಎಂದು ಓದಿದ್ದೇನೆ. ಅವನ್ನೇ ಇನ್ನಷ್ಟು ತೆಳುವಾಗಿಸಿದರೆ ಸಾಲದೆ?

ಉತ್ತರ 1:
ತೊಡಕಿರುವುದು ಗಡಸುತನದ ಅಂತರದಲ್ಲಿ. ಮೆದುಳಿನ ಅಂಗಾಂಶದ ಸ್ಥಿತಿಸ್ಥಾಪಕ ಗುಣಾಂಕ (ವಸ್ತು ಎಷ್ಟು ಗಡಸು ಎಂಬುದರ ಅಳತೆ) ಕೆಲವೇ ಕಿಲೋಪಾಸ್ಕಲ್‌ಗಳಷ್ಟಿದ್ದರೆ ಸಿಲಿಕಾನಿನದು 100 ಗಿಗಾಪಾಸ್ಕಲ್‌ಗೂ ಹೆಚ್ಚು. ಉಸಿರಾಟಕ್ಕೂ ನಾಡಿಮಿಡಿತಕ್ಕೂ ತಕ್ಕಂತೆ ಮೆದುಳು ಸದಾ ಅಲುಗುತ್ತಿರುವುದರಿಂದ ಗಡಸು ಸೂಜಿ ಸುತ್ತಲಿನ ಕೋಶಗಳನ್ನು ಉಜ್ಜುತ್ತಲೇ ಇರುತ್ತದೆ. ಆಗ ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳು ಅದರ ಸುತ್ತ ಗಾಯದ ಪೊರೆ ಕಟ್ಟಿ, ನರಕೋಶಗಳಿಂದ ಅದನ್ನು ಬೇರ್ಪಡಿಸುತ್ತವೆ. ತೆಳುವಾಗಿಸಿದರೆ ಸೂಜಿ ಬಾಗುತ್ತದೆ, ನಿಜ, ಆದರೆ ಹಿಗ್ಗುವುದಿಲ್ಲ.

ಉತ್ತರ 2:
ಹಿಗ್ಗುವಿಕೆಗೆ ಒಳ್ಳೆಯ ನಿದರ್ಶನವೆಂದರೆ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸ್ಟೆಫನಿ ಲಾಕೂರ್ ಮತ್ತು ಗ್ರೆಗ್ವಾರ್ ಕೂರ್ಟಿನ್ ಅವರ ತಂಡಗಳು 2015ರಲ್ಲಿ ಪ್ರಕಟಿಸಿದ ‘ಇ-ಡ್ಯೂರಾ’ ಎಂಬ, ಬೆನ್ನುಹುರಿಯ ಮೇಲೆ ಇಡುವ ಮೃದು ವಿದ್ಯುದ್ವಾರ ಹಾಳೆ. ಸಿಲಿಕೋನ್ (ಗಡಸು ಸಿಲಿಕಾನ್ ಅಲ್ಲ, ರಬ್ಬರಿನಂಥ ಮೃದು ವಸ್ತು) ಹಾಳೆಯ ಮೇಲಿನ ಚಿನ್ನದ ಲೇಪದಲ್ಲಿ ಉದ್ದೇಶಪೂರ್ವಕವಾಗಿ ಸೂಕ್ಷ್ಮ ಬಿರುಕುಗಳನ್ನು ಉಳಿಸಲಾಗಿದ್ದು, ಹಾಳೆ ಎಳೆದಾಗ ಬಿರುಕುಗಳು ತೆರೆದುಕೊಂಡರೂ ಚಿನ್ನದ ಜಾಲ ತುಂಡಾಗದೆ ವಿದ್ಯುತ್ತನ್ನು ಹರಿಸುತ್ತದೆ. ಅದೇ ಹಾಳೆಯಲ್ಲಿ ಔಷಧ ಹರಿಸುವ ಕಾಲುವೆಯೂ ಇತ್ತು. ಬೆನ್ನುಹುರಿಗೆ ಪೆಟ್ಟಾಗಿದ್ದ ಇಲಿಗಳು ವಿದ್ಯುತ್ ಪ್ರಚೋದನೆ ಮತ್ತು ಔಷಧ ಎರಡರ ನೆರವಿನಿಂದ ಮತ್ತೆ ಹೆಜ್ಜೆ ಹಾಕಿದವು. ನನಗೆ ಇದು ಈ ಕ್ಷೇತ್ರದ ಅತ್ಯಂತ ಭರವಸೆಯ ಪ್ರಯೋಗಗಳಲ್ಲಿ ಒಂದು.

ಉತ್ತರ 3:
ಭರವಸೆಯನ್ನು ಒಪ್ಪುತ್ತೇನೆ, ಆದರೆ ತೇವಾಂಶವನ್ನು ಮರೆಯಬಾರದು: ದೇಹದ ನೀರಾವಿ ಒಳಹೊಕ್ಕರೆ ಸಾಧನದ ವಿದ್ಯುತ್ ಭಾಗಗಳು ಕೆಡುತ್ತವೆ. ಪೇಸ್‌ಮೇಕರಿನ ಟೈಟೇನಿಯಂ ಕವಚ ನೀರಾವಿಯನ್ನು ತಡೆಯುತ್ತದೆ, ಸಿಲಿಕೋನ್ ತಡೆಯುವುದಿಲ್ಲ. ಆದ್ದರಿಂದ ಮೃದುವಾಗಿದ್ದೂ ವರ್ಷಗಟ್ಟಲೆ ನೀರಾವಿಯನ್ನು ತಡೆಯಬಲ್ಲ ಹೊದಿಕೆಯೇ, ನನ್ನ ಅಭಿಪ್ರಾಯದಲ್ಲಿ, ವಿದ್ಯುದ್ವಾರಕ್ಕಿಂತ ಕಠಿಣವಾದ ಸವಾಲು.

ಪ್ರಶ್ನೆ ಕೇಳಿದವರು:
ಬಾಗುವುದಕ್ಕೂ ಹಿಗ್ಗುವುದಕ್ಕೂ ಇರುವ ವ್ಯತ್ಯಾಸ ಈಗ ಸ್ಪಷ್ಟವಾಯಿತು, ಧನ್ಯವಾದಗಳು. ಹೊದಿಕೆಯ ವಿಷಯವನ್ನು ಪ್ರತ್ಯೇಕವಾಗಿ ಕೇಳುತ್ತೇನೆ.