ಬೇಸರದ ಪೋಸ್ಟ್‌ಗೂ ವೇಡರ್ 0.98 ಕೊಡುತ್ತಿದೆ, ಎಲ್ಲಿ ತಪ್ಪಿದೆ?

ಪದಕೊಯ್ಲು:
ಮೂರು ದಿನದಿಂದ ಇದರ ಹಿಂದೆಯೇ ಬಿದ್ದಿದ್ದೇನೆ. ಇನ್ನು ಕೈಲಾಗುವುದಿಲ್ಲ ಅಂತ ಇಲ್ಲಿ ಕೇಳುತ್ತಿದ್ದೇನೆ. ಹಳೇ ರೇಡಿಯೋ ರಿಪೇರಿ ಮಾಡುವವರ ಒಂದು ಗುಂಪಿನಲ್ಲಿ ನಾನೂ ಇದ್ದೇನೆ. ಅಲ್ಲಿ ಎಲ್ಲರೂ ಬರೆಯುವುದು ಇಂಗ್ಲಿಷಿನಲ್ಲಿ. ಹೊಸಬರು ಕೆಲವು ತಿಂಗಳು ಒದ್ದಾಡುತ್ತಾರೆ, ಆಮೇಲೆ ಒಂದು ಮಾತೂ ಹೇಳದೆ ಕಾಣೆಯಾಗುತ್ತಾರೆ. ಬೇಸರ ಶುರುವಾದಾಗಲೇ ಗೊತ್ತಾದರೆ ಯಾರಾದರೂ ಅವರಿಗೆ ಎರಡು ಸಾಲು ಬರೆಯಬಹುದಲ್ವಾ? ಆ ಆಸೆಯಿಂದ ಸುಮಾರು ಎರಡು ಸಾವಿರ ಪೋಸ್ಟ್‌ಗಳನ್ನು ವೇಡರ್‌ಗೆ, ಅಂದರೆ ಇಂಗ್ಲಿಷ್ ಬರಹದ ಭಾವಕ್ಕೆ ಅಂಕ ಕೊಡುವ ಪೈಥಾನ್ ಲೈಬ್ರರಿಗೆ, ಕೊಟ್ಟೆ.

ಬಂದ ಕಾಂಪೌಂಡ್ ಸ್ಕೋರ್ (-1ರಿಂದ 1ರ ನಡುವಿನ ಒಟ್ಟು ಅಂಕ) ಹೀಗಿದೆ. ಮುಕ್ಕಾಲು ಪಾಲು 0.95ಕ್ಕಿಂತ ಮೇಲೆ. ಉಳಿದವುಗಳಲ್ಲಿ ಜಾಸ್ತಿ -0.95ಕ್ಕಿಂತ ಕೆಳಗೆ. ನಡುವೆ ಹೆಚ್ಚು ಕಡಿಮೆ ಖಾಲಿ. ಒಬ್ಬರು ಮೂರನೇ ಸಲ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡು, ಈ ಹವ್ಯಾಸವೇ ಸಾಕು, ಎಲ್ಲ ಮಾರಿಬಿಡುತ್ತೇನೆ ಎಂದು ಬರೆದಿದ್ದಾರೆ. ಅದಕ್ಕೂ 0.98! ಆ ಮನುಷ್ಯ ಶೇಕಡಾ 98ರಷ್ಟು ಖುಷಿಯಾಗಿದ್ದಾರೆ ಅಂತ ನಾನು ನಂಬಬೇಕಾ? ಕೋಡ್ ಸರಿ ಇದೆ, ಎರರ್ ಬರುತ್ತಿಲ್ಲ. ಪಠ್ಯದ ಕ್ಲೀನಿಂಗ್ ಎಲ್ಲ ಮಾಮೂಲಿ. ಲೈಬ್ರರಿಯಲ್ಲೇ ಬಗ್ ಇದೆಯಾ?

ಕಪ್ಪುಶಾಯಿ:
ಬಗ್ ಅಲ್ಲ. ಇದು ವ್ಯಂಗ್ಯ. ಜನ ಬೇಜಾರಾದಾಗ ನೇರವಾಗಿ ಬರೆಯುವುದಿಲ್ಲ. "ವಾಹ್, ಎಂಥಾ ಅದ್ಭುತ ದಿನ" ಅಂತ ಬರೆಯುತ್ತಾರೆ. ವೇಡರ್ ಪಟ್ಟಿಯಲ್ಲಿ ಅದ್ಭುತ ಎಂಬುದಕ್ಕೆ ಒಳ್ಳೆ ಅಂಕ ಇರುತ್ತದೆ, ಅದನ್ನೇ ಕೊಡುತ್ತದೆ. ಮೊದಲು ವ್ಯಂಗ್ಯ ಗುರುತಿಸುವ ಮಾಡೆಲ್ ಹಾಕಿ ಪೋಸ್ಟ್‌ಗಳನ್ನು ಸೋಸಿ, ಆಮೇಲೆ ಸ್ಕೋರ್ ನೋಡಿ.

ಟೋಕನ್‌ಗಾರ:
ಎನ್‌ಎಲ್‌ಟಿಕೆ (ಭಾಷೆಯ ಕೆಲಸಕ್ಕಿರುವ ಪೈಥಾನ್ ಲೈಬ್ರರಿ) ಒಳಗಿನ ವೇಡರಾ, ಬೇರೆ ಪ್ಯಾಕೇಜಾ? ಪೋಸ್ಟ್ ಎಷ್ಟು ಉದ್ದ ಇರುತ್ತದೆ? ಒಂದು ಮಾದರಿ ಹಾಕಿ.

ಎಂಟುಕೋರ್:
ವೇಡರ್ 2014ರದ್ದು. ಪದಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕುವ ಕಾಲ ಮುಗಿಯಿತು. ಟ್ರಾನ್ಸ್‌ಫಾರ್ಮರ್ ಮಾಡೆಲ್ ಹಾಕಿ (ರೇಡಿಯೋದ ಟ್ರಾನ್ಸ್‌ಫಾರ್ಮರ್ ಅಲ್ಲ, ಅದೇ ಹೆಸರಿನ ಭಾಷಾ ಮಾಡೆಲ್). ನನ್ನ ಮೆಷಿನ್‌ನಲ್ಲಿ 24 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದೆ, ರ್‍ಯಾಮ್ 64 ಜಿಬಿ. ಬ್ಯಾಚ್ ಸೈಜ್ 128 ಇಟ್ಟು ಓಡಿಸುತ್ತೇನೆ, ನಿಮ್ಮ ಎರಡು ಸಾವಿರ ಪೋಸ್ಟ್ ಕಾಫಿ ತಣ್ಣಗಾಗುವ ಮುಂಚೆ ಮುಗಿಯುತ್ತದೆ. ಹಗ್ಗಿಂಗ್ ಫೇಸ್ (ಸಿದ್ಧ ಮಾಡೆಲ್‌ಗಳು ಸಿಗುವ ತಾಣ) ಪೈಪ್‌ಲೈನ್, ಅದರಲ್ಲಿ ಡಿಸ್ಟಿಲ್‌ಬರ್ಟ್ ಎಂಬ ಮಾಡೆಲ್ ಸಾಕು. ಅದು ನೆಗೆಟಿವ್ 0.99 ಅಂದರೆ ಆ ಮನುಷ್ಯ ತುಂಬಾ ನೊಂದಿದ್ದಾನೆ ಅಂತಲೇ ಅರ್ಥ.

ನಿಧಾನಿ:
ಕೊನೆಯ ಮಾತು ತಪ್ಪು. ಆ 0.99 ನೋವಿನ ಅಳತೆ ಅಲ್ಲ. ತಾನು ಕೊಟ್ಟ ಲೇಬಲ್ ಸರಿ ಎಂದು ಮಾಡೆಲ್ ಇಟ್ಟುಕೊಂಡ ಭರವಸೆ ಅದು. "ಸ್ವಲ್ಪ ಬೇಸರವಾಯಿತು" ಎಂಬ ಸಾಲಿಗೂ 0.99 ಬರಬಹುದು, ಅತ್ತು ಬರೆದ ಸಾಲಿಗೂ 0.99 ಬರಬಹುದು. ಜೊತೆಗೆ ನೀವು ಹೇಳುವ ಆ ಡಿಸ್ಟಿಲ್‌ಬರ್ಟ್ ಕಲಿತದ್ದು ಸಿನಿಮಾ ವಿಮರ್ಶೆಯ ಸಾಲುಗಳಿಂದ. ಅದಕ್ಕೆ ಇರುವುದು ಎರಡೇ ಲೇಬಲ್. "ಕೆಪಾಸಿಟರ್ ಬದಲಾಯಿಸಿದೆ" ಅಂದರೂ ಅದು ಪಾಸಿಟಿವ್ ಅಥವಾ ನೆಗೆಟಿವ್ ಅನ್ನಲೇಬೇಕು. ತಟಸ್ಥ ಎಂಬ ಬಾಗಿಲೇ ಇಲ್ಲ. 512 ಟೋಕನ್ (ಪದ ಅಥವಾ ಪದದ ತುಂಡು) ಮೀರಿದ ಪೋಸ್ಟನ್ನು ಅದು ಪೂರ್ತಿ ಓದುವುದೂ ಇಲ್ಲ.

ಎಂಟುಕೋರ್:
ತಟಸ್ಥ ಬೇಕಿದ್ದರೆ ಟ್ವೀಟ್‌ಗಳ ಮೇಲೆ ತಯಾರಾದ ರೊಬರ್ಟಾ ಮಾಡೆಲ್ ಇದೆ, ಮೂರು ಲೇಬಲ್ ಕೊಡುತ್ತದೆ. ಉದ್ದದ ಪೋಸ್ಟ್ ಇದ್ದರೆ ತುಂಡು ಮಾಡಿ. ನಾನು ಹೇಳಿದ್ದು ಮಾಡೆಲ್ ಬದಲಾಯಿಸಿ ಅಂತ. ಹೆಸರು ಹಿಡಿದು ಜಗಳ ಯಾಕೆ?

ನಿಧಾನಿ:
ಜಗಳ ಹೆಸರಿಗಲ್ಲ. ಅವರು ಕೇಳಿದ್ದು 0.98 ಅಂದರೆ ಏನು ಅಂತ. ಒಂದು ಅಂಕಿಯ ಅರ್ಥ ಗೊತ್ತಿಲ್ಲದೆ ಇನ್ನೊಂದು ಅಂಕಿಗೆ ಹಾರಿದರೆ ಅವರು ಇದೇ ಪ್ರಶ್ನೆ ಇನ್ನೊಮ್ಮೆ ಕೇಳಬೇಕಾಗುತ್ತದೆ.

ಪದಕೊಯ್ಲು, ವೇಡರ್ ಕೂಡಿಸುವ ಯಂತ್ರ. ಅದರ ಪಟ್ಟಿಯಲ್ಲಿ 7,500ಕ್ಕೂ ಹೆಚ್ಚು ಪದ, ಚಿಹ್ನೆಗಳಿವೆ. ಹತ್ತು ಜನ ಓದುಗರು -4ರಿಂದ 4ರ ನಡುವೆ ಕೊಟ್ಟ ಅಂಕದ ಸರಾಸರಿ ಒಂದೊಂದಕ್ಕೂ ಇದೆ. ಗುಡ್ 1.9, ಗ್ರೇಟ್ 3.1, ಪ್ರಾಬ್ಲಂ -1.7, ಡೆಡ್ -3.3. ನಿಮ್ಮ ಪಠ್ಯದಲ್ಲಿ ಸಿಕ್ಕ ಅಂಕಗಳನ್ನೆಲ್ಲ ಕೂಡಿಸುತ್ತದೆ. ಆ ಮೊತ್ತವನ್ನು, ಮೊತ್ತದ ವರ್ಗಕ್ಕೆ 15 ಸೇರಿಸಿ ತೆಗೆದ ವರ್ಗಮೂಲದಿಂದ ಭಾಗಿಸುತ್ತದೆ. ಹಾಗಾಗಿ ಉತ್ತರ ಯಾವತ್ತೂ -1 ಮತ್ತು 1ರ ನಡುವೆಯೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಮೊತ್ತ 1.9 ಇದ್ದರೆ 0.44. ಮೊತ್ತ 4 ಆದರೆ 0.72. 10 ಆದರೆ 0.93. 20 ಆದರೆ 0.98. 30 ಆದರೆ 0.99. ನಾಲ್ಕರಿಂದ ಹತ್ತಕ್ಕೆ ಹೋದಾಗ ಅಂಕಿ ಚೆನ್ನಾಗಿ ಏರುತ್ತದೆ. ಇಪ್ಪತ್ತರಿಂದ ಮೂವತ್ತಕ್ಕೆ ಹೋದರೆ ಅಲ್ಲಾಡುವುದೇ ಇಲ್ಲ. ಉದ್ದದ ಪೋಸ್ಟ್‌ನಲ್ಲಿ ಒಳ್ಳೆ ಪದ ಕೆಟ್ಟ ಪದಕ್ಕಿಂತ ಹತ್ತು ಜಾಸ್ತಿ ಇದ್ದರೆ ಸಾಕು, ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ನಿಮ್ಮ 0.98 ಹೇಳುವುದು ಇಷ್ಟೇ: ಕೂಡಿಸಿದ ಮೊತ್ತ ಸುಮಾರು 20. ಇದರಲ್ಲಿ ಶೇಕಡಾ ಅನ್ನುವುದು ಎಲ್ಲೂ ಇಲ್ಲ. ಪೋಸ್ಟನ್ನು ವಾಕ್ಯ ವಾಕ್ಯವಾಗಿ ಒಡೆದು, ಪ್ರತಿ ವಾಕ್ಯಕ್ಕೂ ಬೇರೆ ಸ್ಕೋರ್ ತೆಗೆಯಿರಿ.

ಕಪ್ಪುಶಾಯಿ:
ಗಣಿತ ಸರಿ. ಆದರೆ ವ್ಯಂಗ್ಯದ ವಾಕ್ಯವನ್ನು ಒಡೆದರೂ ವ್ಯಂಗ್ಯವೇ. ನನ್ನ ಮಾತು ಬರೆದಿಟ್ಟುಕೊಳ್ಳಿ.

ಪದಕೊಯ್ಲು:
ವಾಕ್ಯಕ್ಕೆ ಒಡೆದೆ. ಎನ್‌ಎಲ್‌ಟಿಕೆಯ ಸೆಂಟ್ ಟೋಕನೈಜ್ (ವಾಕ್ಯ ಒಡೆಯುವ ಫಂಕ್ಷನ್) ಹಾಕಿ, ಪ್ರತಿ ಪೋಸ್ಟ್‌ಗೆ ವಾಕ್ಯಗಳ ಸರಾಸರಿ ತೆಗೆದೆ. ಒಂದು ಅಂಕಿಯೂ ಬದಲಾಗಲಿಲ್ಲ! ಟ್ರಾನ್ಸ್‌ಫಾರ್ಮರ್ ಸುಟ್ಟವರಿಗೆ ಮತ್ತೆ ಅದೇ 0.98. ನಿಜವಾಗಿಯೂ ಬೇಸರವಾಗುತ್ತಿದೆ.

ಕಪ್ಪುಶಾಯಿ:
ಹೇಳಿದ್ದೆನಲ್ಲ. ಉದ್ದದ ಸಮಸ್ಯೆ ಅಲ್ಲ ಅಂತ ಈಗ ಗೊತ್ತಾಯಿತು. ವ್ಯಂಗ್ಯ ಸೋಸುವ ದಾರಿ ನೋಡಿ.

ಟೋಕನ್‌ಗಾರ:
ಸ್ವಲ್ಪ ತಡೆಯಿರಿ. ಒಂದು ಅಂಕಿಯೂ ಬದಲಾಗಲಿಲ್ಲ ಅನ್ನುವುದು ಅನುಮಾನ ತರುತ್ತದೆ. ಒಂದು ಪೋಸ್ಟ್‌ನಿಂದ ಎಷ್ಟು ವಾಕ್ಯ ಬಂತು?

ಪದಕೊಯ್ಲು:
ನೋಡಿದೆ. ಎಲ್ಲದಕ್ಕೂ 1.

ಟೋಕನ್‌ಗಾರ:
ಪೂರ್ತಿ ಪೋಸ್ಟ್ ಒಂದೇ ವಾಕ್ಯವಾ? ನಿಮ್ಮ ಮಾಮೂಲಿ ಕ್ಲೀನಿಂಗ್‌ನಲ್ಲಿ ಏನೇನಿದೆ ಹೇಳಿ.

ಪದಕೊಯ್ಲು:
ಎಲ್ಲ ಪಾಠಗಳಲ್ಲೂ ಇರುವುದೇ. ಎಲ್ಲ ಸಣ್ಣಕ್ಷರ ಮಾಡಿದೆ, ವಿರಾಮಚಿಹ್ನೆ ತೆಗೆದೆ, ಇಮೋಜಿ ತೆಗೆದೆ, ಎನ್‌ಎಲ್‌ಟಿಕೆ ಪಟ್ಟಿ ಹಿಡಿದು ಸ್ಟಾಪ್‌ವರ್ಡ್ (ಪದೇ ಪದೇ ಬರುವ ಸಣ್ಣ ಪದಗಳು) ತೆಗೆದೆ. ಇದನ್ನು ಎಲ್ಲರೂ ಮಾಡುತ್ತಾರೆ ಅಂತ ಹೇಳಲಿಲ್ಲ. ಪೋಸ್ಟ್‌ಗಳು ಆರೇಳು ನೂರು ಪದ ಇರುತ್ತವೆ, ಅದನ್ನೂ ಹೇಳಬೇಕಿತ್ತು.

ನಿಧಾನಿ:
ಸಿಕ್ಕಿತು. ಪೂರ್ಣವಿರಾಮ ತೆಗೆದ ಮೇಲೆ ವಾಕ್ಯ ಎಲ್ಲಿ ಮುಗಿಯಿತು ಅಂತ ಸೆಂಟ್ ಟೋಕನೈಜ್‌ಗೆ ತಿಳಿಯುವುದಿಲ್ಲ. ಅದಕ್ಕೇ ಒಂದೇ ವಾಕ್ಯ, ಅದೇ 0.98.

ಇನ್ನೂ ದೊಡ್ಡ ಪೆಟ್ಟು ಸ್ಟಾಪ್‌ವರ್ಡ್‌ನದು. ಆ ಪಟ್ಟಿಯಲ್ಲಿ ನಾಟ್, ನೋ, ನಾರ್, ಬಟ್, ವೆರಿ ಎಲ್ಲ ಇವೆ. ನಾಟ್ ಗುಡ್ ಎಂಬ ಎರಡು ಪದಕ್ಕೆ ವೇಡರ್ -0.34 ಕೊಡುತ್ತದೆ. ಗುಡ್‌ನ 1.9ನ್ನು -0.74ರಿಂದ ಗುಣಿಸಿ ತಿರುಗಿಸುತ್ತದೆ. ನೀವು ನಾಟ್ ತೆಗೆದಿರಿ. ಉಳಿದದ್ದು ಗುಡ್. 0.44. ಚೆನ್ನಾಗಿಲ್ಲ ಎಂದು ಬರೆದವರ ಬಾಯಲ್ಲಿ ಚೆನ್ನಾಗಿದೆ ಎಂದು ಹೇಳಿಸಿದಂತಾಯಿತು.

ಬಟ್ ಇನ್ನೂ ಮುಖ್ಯ. ಅದಕ್ಕಿಂತ ಮೊದಲು ಬಂದ ಭಾವವನ್ನು ವೇಡರ್ ಅರ್ಧ ಮಾಡುತ್ತದೆ, ನಂತರ ಬಂದದ್ದನ್ನು ಒಂದೂವರೆ ಪಟ್ಟು ಮಾಡುತ್ತದೆ. ಬಿಟ್ಟುಹೋಗುವವರು ಬರೆಯುವುದೇ ಹಾಗೆ ಅಲ್ವಾ? ನನಗೆ ರೇಡಿಯೋ ಅಂದರೆ ಪ್ರಾಣ, ಆದರೆ... ಆ ಆದರೆಯಲ್ಲೇ ಎಲ್ಲ ಇದೆ. ಅದನ್ನೇ ಅಳಿಸಿದ್ದೀರಿ. ದೊಡ್ಡಕ್ಷರಕ್ಕೆ, ಆಶ್ಚರ್ಯಚಿಹ್ನೆಗೆ, ಇಮೋಜಿಗೆ ಕೂಡ ಅದರಲ್ಲಿ ನಿಯಮಗಳಿವೆ. ಪದಗಳನ್ನು ಎಣಿಸುವ ಹಳೇ ಮಾಡೆಲ್‌ಗಳಿಗೆ ಈ ಕ್ಲೀನಿಂಗ್ ಸರಿ. ವೇಡರ್‌ಗೆ ಕಚ್ಚಾ ಪಠ್ಯವನ್ನೇ ಕೊಡಬೇಕು.

ಎಂಟುಕೋರ್:
ಟ್ರಾನ್ಸ್‌ಫಾರ್ಮರ್‌ಗೂ ಕಚ್ಚಾ ಪಠ್ಯವೇ ಕೊಡಬೇಕು, ಅದನ್ನು ಒಪ್ಪುತ್ತೇನೆ. ನಾನು ಇತ್ತೀಚೆಗೆ ಎರಡನೇ ಕಾರ್ಡ್ ಹಾಕಿದೆ. ನೀರಿನ ಕೂಲಿಂಗ್, ಸಾವಿರ ವ್ಯಾಟ್ ಪವರ್ ಸಪ್ಲೈ. ಪೂರ್ತಿ ಲೋಡ್‌ನಲ್ಲೂ 60 ಡಿಗ್ರಿ ದಾಟುವುದಿಲ್ಲ. ಯಾರಿಗಾದರೂ ಫೈನ್ ಟ್ಯೂನಿಂಗ್ (ಸಿದ್ಧ ಮಾಡೆಲ್‌ಗೆ ನಿಮ್ಮ ಡೇಟಾದಿಂದ ಮತ್ತೆ ಕಲಿಸುವುದು) ಮಾಡಿಸಬೇಕಿದ್ದರೆ ಡೇಟಾ ಕಳಿಸಿ, ಓಡಿಸಿ ಕೊಡುತ್ತೇನೆ.

ಸಣ್ಣಸಾಲು:
ನಡುವೆ ಬಂದೆ, ಕ್ಷಮಿಸಿ. ನನ್ನದು ಕನ್ನಡ ಕಾಮೆಂಟ್‌ಗಳು. ವೇಡರ್ ಎಲ್ಲದಕ್ಕೂ 0.0 ಕೊಡುತ್ತದೆ, ನ್ಯೂ (ತಟಸ್ಥ ಪಾಲು) ಎಂಬಲ್ಲಿ 1.0. ನಮ್ಮ ಜನ ಅಷ್ಟು ತಟಸ್ಥರಾ?

ಟೋಕನ್‌ಗಾರ:
ಒಂದು ಪದವೂ ಪಟ್ಟಿಯಲ್ಲಿಲ್ಲ ಅಂತ ಅದರ ಅರ್ಥ. ಗೊತ್ತಿಲ್ಲ ಅನ್ನುವುದಕ್ಕೂ ತಟಸ್ಥ ಅನ್ನುವುದಕ್ಕೂ ವೇಡರ್ ಒಂದೇ ಉತ್ತರ ಕೊಡುತ್ತದೆ.

ಪಟ್ಟಿಯನ್ನು ಕನ್ನಡಕ್ಕೆ ತಂದರೂ ಕೆಲಸ ಆಗುವುದಿಲ್ಲ. ಅದು ಭಾವದ ಪದ ಸಿಕ್ಕಾಗ ಅದರ ಹಿಂದಿನ ಮೂರು ಪದಗಳಲ್ಲಿ ನಿಷೇಧ ಹುಡುಕುತ್ತದೆ. ನಮ್ಮಲ್ಲಿ ಇಲ್ಲ ಬರುವುದು ಕೊನೆಗೆ, ಅದೂ ಪದದ ಒಳಗೇ ಸೇರಿಕೊಂಡು. ಚೆನ್ನಾಗಿದೆ, ಚೆನ್ನಾಗಿಲ್ಲ. ಹೋಗಲಿ, ಇಲ್ಲ ಇರುವುದೆಲ್ಲ ನೆಗೆಟಿವ್ ಅನ್ನೋಣ ಅಂದರೆ ಪರವಾಗಿಲ್ಲ ಇದೆ. ಭಯಂಕರ ಚೆನ್ನಾಗಿದೆ ಅನ್ನುತ್ತೇವೆ, ಅಲ್ಲಿ ಭಯವೇ ಇಲ್ಲ. ಕನ್ನಡ ಗೊತ್ತಿರುವ ಮೂಲ ಮಾಡೆಲ್ ತೆಗೆದುಕೊಳ್ಳಿ. ಮುರಿಲ್ ಅಥವಾ ಎಕ್ಸ್‌ಎಲ್‌ಎಂ ರೊಬರ್ಟಾ. ಆದರೆ ಅವು ಹಾಗೇ ಭಾವ ಹೇಳುವುದಿಲ್ಲ. ನೀವೇ ಗುರುತು ಹಾಕಿದ ಕಾಮೆಂಟ್‌ಗಳಿಂದ ಕಲಿಸಬೇಕು.

ಸಣ್ಣಸಾಲು:
ಅರ್ಧ ಕಾಮೆಂಟ್ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಅದಕ್ಕೆ ಬೇರೆ ದಾರಿ ಬೇಕಾ?

ಟೋಕನ್‌ಗಾರ:
ಮುರಿಲ್ ತಯಾರಿಸುವಾಗ ಹಾಗೆ ಬರೆದ ಪಠ್ಯವನ್ನೂ ಸೇರಿಸಿದ್ದಾರೆ. ಅಲ್ಲಿಂದ ಶುರು ಮಾಡಿ. ಪ್ರತ್ಯೇಕ ಚರ್ಚೆ ತೆರೆಯಿರಿ, ಇಲ್ಲಿ ಪದಕೊಯ್ಲು ಅವರ ವಿಷಯ ಕಳೆದುಹೋಗುತ್ತದೆ.

ಪದಕೊಯ್ಲು:
ಕಚ್ಚಾ ಪಠ್ಯ, ವಾಕ್ಯ ವಾಕ್ಯವಾಗಿ, ಮತ್ತೆ ಓಡಿಸಿದೆ. ಈಗ ಎಲ್ಲ ಬೇರೆಯಾಗಿ ಕಾಣುತ್ತಿದೆ! ಟ್ರಾನ್ಸ್‌ಫಾರ್ಮರ್ ಸುಟ್ಟವರ ಪೋಸ್ಟ್‌ನಲ್ಲಿ ಮೊದಲ ಹತ್ತು ವಾಕ್ಯ ರೇಡಿಯೋವನ್ನು ಹೊಗಳಿದ್ದು. ಕೊನೆಯ ನಾಲ್ಕು ಪೂರ್ತಿ ಕೆಳಗೆ. ನಾನು ಹುಡುಕುತ್ತಿದ್ದದ್ದು ಅದನ್ನೇ. ಅವರಿಗೆ ಈವತ್ತು ಪತ್ರ ಬರೆದೆ.

ಆದರೆ ಸರಾಸರಿ ತೆಗೆದರೆ ಎಲ್ಲ ಪೋಸ್ಟ್‌ಗಳೂ ಸೊನ್ನೆಯ ಹತ್ತಿರ ಬಂದು ಕೂರುತ್ತಿವೆ. ಮೊದಲು ಎಲ್ಲ ತುದಿಯಲ್ಲಿದ್ದವು, ಈಗ ಎಲ್ಲ ನಡುವೆ.

ನಿಧಾನಿ:
ರಿಪೇರಿ ಪೋಸ್ಟ್‌ನಲ್ಲಿ ಜಾಸ್ತಿ ವಾಕ್ಯಗಳು ಬರೀ ವಿವರ. ಅವುಗಳ 0 ಸರಾಸರಿಯನ್ನು ಎಳೆಯುತ್ತದೆ. ಟೆಕ್ಸ್ಟ್‌ಬ್ಲಾಬ್ ಎಂಬ ಇನ್ನೊಂದು ಲೈಬ್ರರಿಯಲ್ಲೂ ಉದ್ದದ ಪಠ್ಯ ನಡುವೆ ಬಂದು ನಿಲ್ಲುವುದು ಅದು ಸರಾಸರಿ ತೆಗೆಯುವುದರಿಂದ. ನೀವು ಸರಾಸರಿ ಬಿಡಿ. -0.05ರ ಕೆಳಗಿನ, ಅಂದರೆ ನೆಗೆಟಿವ್ ಅನ್ನಬಹುದಾದ ವಾಕ್ಯಗಳು ಎಷ್ಟಿವೆ, ಕೊನೆಯ ಭಾಗದಲ್ಲಿ ಎಷ್ಟಿವೆ ಎಂದು ಎಣಿಸಿ.

ಇನ್ನೊಂದು ವಿಷಯ. ನಿಮ್ಮವರು ಕೊನೆಗೆ ಏನು ಬರೆದು ಮುಗಿಸುತ್ತಾರೆ? ಥ್ಯಾಂಕ್ಸ್, ಪ್ಲೀಸ್ ಹೆಲ್ಪ್ ಅಂತಾನಾ? ಆ ಮೂರು ಪದಕ್ಕೇ 1.9, 1.3, 1.7. ಮೊತ್ತ 4.9, ಸ್ಕೋರ್ 0.78. ಕಷ್ಟ ಹೇಳಿಕೊಂಡು ಸಹಾಯ ಕೇಳಿದವರ ವಿನಯವನ್ನು ವೇಡರ್ ಖುಷಿ ಅಂತ ಎಣಿಸುತ್ತದೆ.

ಪದಕೊಯ್ಲು:
ಎಲ್ಲರೂ ಹಾಗೇ ಮುಗಿಸುತ್ತಾರೆ. ತೆಗೆಯುತ್ತೇನೆ. ಹಾಗೇ ಡೆಡ್ ಸೆಟ್ (ಕೆಟ್ಟು ನಿಂತ ರೇಡಿಯೋ) ಎಂಬ ಮಾತು. ನಮ್ಮಲ್ಲಿ ಡೆಡ್ ಸೆಟ್ ಸಿಕ್ಕಿತು ಅಂದರೆ ಹಬ್ಬ. ಅದಕ್ಕೆ -0.65 ಬಂದಿದೆ. ಪಟ್ಟಿಯಲ್ಲಿ ಆ ಪದದ ಅಂಕವನ್ನು ನಾನೇ ಸೊನ್ನೆ ಮಾಡಬಹುದಾ?

ಟೋಕನ್‌ಗಾರ:
ಮಾಡಬಹುದು. ಲೆಕ್ಸಿಕನ್, ಅಂದರೆ ಆ ಪದಪಟ್ಟಿ, ಒಂದು ಪೈಥಾನ್ ಡಿಕ್ಷನರಿ ಅಷ್ಟೇ, ಅಪ್‌ಡೇಟ್ ಮಾಡಿ. ಅದಕ್ಕೂ ಮೊದಲು ಒಂದು ಇನ್ನೂರು ವಾಕ್ಯ ಆರಿಸಿ, ನೀವು ಮತ್ತು ಗುಂಪಿನ ಇನ್ನೊಬ್ಬರು ಬೇರೆ ಬೇರೆಯಾಗಿ ಓದಿ ಗುರುತು ಹಾಕಿ. ಇಬ್ಬರ ಗುರುತು ಎಷ್ಟು ಕೂಡುತ್ತದೆ ಎಂದು ತೋರಿಸುವ ಕೋಹೆನ್ ಕಪ್ಪಾ ಎಂಬ ಅಳತೆ ತೆಗೆಯಿರಿ. ಮನುಷ್ಯರಿಬ್ಬರೇ ಒಪ್ಪದ ಕಡೆ ಯಂತ್ರದ ಅಂಕಿ ಹಿಡಿದು ಯಾರಿಗೂ ಪತ್ರ ಬರೆಯಬೇಡಿ.

ಕಪ್ಪುಶಾಯಿ:
ಆ ಇನ್ನೂರರಲ್ಲಿ ವ್ಯಂಗ್ಯಕ್ಕೂ ಒಂದು ಕಾಲಂ ಇಡಿ. ಎಷ್ಟಿದೆ ಅಂತ ನನಗೂ ತಿಳಿಯಬೇಕು.

ಪದಕೊಯ್ಲು:
ಇಟ್ಟೆ. ಮೊದಲ ಐವತ್ತು ಓದಿ ಮುಗಿಸಿದೆ. ವ್ಯಂಗ್ಯ ಎರಡು ಸಿಕ್ಕಿತು. ನಾಟ್, ಬಟ್ ಇದ್ದ ಸಾಲುಗಳು ಹದಿನೇಳು.

ಆದರೆ -0.95ರ ಕೆಳಗಿದ್ದವರ ಪಟ್ಟಿ ಇನ್ನೂ ವಿಚಿತ್ರವಾಗಿದೆ. ಅಲ್ಲಿರುವ ಹೆಸರುಗಳು ಗುಂಪಿನ ಹಿರಿಯರದ್ದು. ಎಲ್ಲರಿಗೂ ಸಹನೆಯಿಂದ ಉತ್ತರ ಕೊಡುವವರು ಅವರೇ. ಅವರಿಗೇಕೆ ಇಷ್ಟು ನೆಗೆಟಿವ್?

ಟೋಕನ್‌ಗಾರ:
ಉತ್ತರ ಬರೆಯುವಾಗ ಅವರು ಕೇಳಿದವರ ಮಾತನ್ನು ಕೋಟ್ ಮಾಡುತ್ತಾರಾ? ಡೇಟಾದಲ್ಲಿ ಆ ಕೋಟ್ ಸಾಲುಗಳನ್ನು ತೆಗೆದಿದ್ದೀರಾ?

ಪದಕೊಯ್ಲು:
ಇಲ್ಲ. ಪೂರ್ತಿ ಪ್ರಶ್ನೆಯನ್ನೇ ಕೋಟ್ ಮಾಡಿ ಕೆಳಗೆ ಉತ್ತರ ಬರೆಯುತ್ತಾರೆ. ಅಂದರೆ ಹೊಸಬರ ಸಂಕಟವೆಲ್ಲ ಇವರ ಹೆಸರಿಗೆ ಸೇರಿದೆ. ರಾತ್ರಿ ಅದನ್ನು ಬೇರೆ ಮಾಡಿ ಮತ್ತೆ ಓಡಿಸುತ್ತೇನೆ.